ಎಡಕ್ಕೆ ಕೇಳಿದ ಸದ್ದು

ಹೂವಮ್ಮ ಶಿವಶಂಕರನನ್ನು ಮೊದಲು ಕಂಡ ದಿನ ಅವನು ಅವಳ ಕೂಗಿಗೆ ಓ ಎನ್ನಲಿಲ್ಲ.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು, ಬೇವಿನಮರದ ನೆರಳಿಗೆ ಅವನ ಬಿಳಿ ಕಾರು ನಿಂತಿತ್ತು. ಶಿಕಾರಿಪುರದಿಂದ ಸೊರಬಕ್ಕೆ, ಸೊರಬದಿಂದ ಶಿಕಾರಿಪುರಕ್ಕೆ ಸೀಟಿನ ಲೆಕ್ಕದಲ್ಲಿ ಜನರನ್ನು ಹೊತ್ತು ತಿರುಗುವ ಕಾರು ಅದು. ಹೂವಮ್ಮ ತೊಗರ್ಸಿಯವಳು. ಸೊರಬದಲ್ಲಿ ಅವಳ ತಂಗಿ ಹುಲಿಗೆಮ್ಮ ಹಿತ್ತಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಅವಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ ಬರಲು ಹೂವಮ್ಮ ಪ್ರತಿ ಸೋಮವಾರ ಹೊರಡುತ್ತಿದ್ದಳು. ಅವತ್ತು ಬಸ್ಸು ಕೈಕೊಟ್ಟಿತ್ತು. ಒಂದು ಕೈಯಲ್ಲಿ ಔಡಲೆಣ್ಣೆ ಶೀಸೆ, ಬಗಲಲ್ಲಿ ಕಂಬಳಿ ಗಂಟು. ಡ್ರೈವರನ ಕಿಟಕಿಗೆ ಹೋಗಿ, "ತಮ್ಮಾ, ಸೊರಬಕ್ಕೆ ಹೋಗ್ತತೇನು?" ಎಂದು ಕೇಳಿದಳು. ಅವನು ಎದುರಿನ ರಸ್ತೆ ನೋಡುತ್ತ ಕೂತಿದ್ದ. ಮತ್ತೆ ಕೇಳಿದಳು. ಮುಖದ ಒಂದು ನರವೂ ಅಲ್ಲಾಡಲಿಲ್ಲ. ಗಾಜು ಪೂರ್ತಿ ಇಳಿದಿತ್ತು. ಇಬ್ಬರ ನಡುವೆ ಒಂದು ಮೊಳದಷ್ಟು ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಮುದುಕೀರ ಹತ್ರ ಮಾತಾಡಕ್ಕೂ ಪೆಟ್ರೋಲ್ ಖರ್ಚಾಗ್ತತೇನೋ ಇವನಿಗೆ," ಎಂದು ಅವನಿಗೆ ತಾಗಲೆಂದೇ ಗಟ್ಟಿಯಾಗಿ ಅಂದು ತಿರುಗಿದಳು.

ಕಾರಿನೊಳಗೆ ಬಳೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ರಾಧಮ್ಮ ಕಿಸಕ್ಕನೆ ನಕ್ಕಳು. ಅವಳು ಸೊರಬದವಳು, ಊರೂರಿಗೆ ಹೋಗಿ ಬಳೆ ತೊಡಿಸುವವಳು. ನಗು ಕೇಳಿ ಡ್ರೈವರು ಎಡಕ್ಕೆ ತಿರುಗಿದ, ರಾಧಮ್ಮನ ಕಣ್ಣು ಎತ್ತ ಹೋಗಿದೆ ಎಂದು ನೋಡಿದ, ಆಮೇಲೆ ಬಲಕ್ಕೆ ಹೊರಳಿ ಹೂವಮ್ಮನನ್ನು ಕಂಡ. ಕಂಡದ್ದೇ ಬಾಗಿಲು ತೆಗೆದು ಇಳಿದೇ ಬಂದ.

"ಬರ್ರಿ ಅಮ್ಮಾ, ಬರ್ರಿ. ಮುಂದಿನ ಸೀಟು ನಿಮಗೇ ಅಂತ ಇಟ್ಕಂಡೀನಿ. ಗಂಟು ಕೊಡ್ರಿ ಇಲ್ಲಿ."

ಹೂವಮ್ಮ ಗಂಟು ಕೊಟ್ಟಳು, ಆದರೆ ಗೊಂದಲಕ್ಕೆ ಬಿದ್ದಳು. ಈ ಗಳಿಗೆ ಕಲ್ಲು, ಮರುಗಳಿಗೆ ಬೆಣ್ಣೆ. ಎಂಥ ಮನುಷ್ಯ ಇವನು?

ಕಾರು ಹೊರಟ ಮೇಲೆ ಗೊಂದಲ ಇನ್ನೂ ಹೆಚ್ಚಿತು. ಅವಳು ಒಂದು ಮಾತು ಆಡಿದರೆ ಅವನು ಎರಡು ಆಡಿದ. ಅವಳು ಗೊಣಗಿದ್ದೂ ಕೇಳಿಸಿಕೊಂಡ. ಹಿಂದಿನ ಸೀಟಿನಲ್ಲಿ ಮೆಲ್ಲಗೆ "ಉಚ್ಚೆ ಬಂತು" ಎಂದು ತಾಯಿಗೆ ಹೇಳಿದ ಮಗುವಿನ ಮಾತನ್ನೂ ಹಿಡಿದು ಗಾಡಿ ನಿಲ್ಲಿಸಿದ. ಸೊರಬ ಮುಟ್ಟುವಷ್ಟರಲ್ಲಿ ಅವಳ ಗಂಡ ಧರ್ಮಪ್ಪ ಕುರಿ ಮೇಯಿಸಿಕೊಂಡು ಎಲ್ಲೆಲ್ಲಿ ಹಟ್ಟಿ ಹಾಕುತ್ತಿದ್ದ, ಹೇಗೆ ತೀರಿಕೊಂಡ, ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದ. ತಾನೂ ಕುರಿಯವರ ಮಗನೇ ಎಂದ. ಅವರದು ಬಳ್ಳಿಗಾವಿ ಕಡೆ. ಅಪ್ಪನ ಹಿಂದೆ ಕುರಿ ಕಾಯಲು ಹೋದರೆ ದಿನಕ್ಕೊಂದು ಕುರಿ ಕಳೆದು ಬರುತ್ತಿದ್ದನಂತೆ.

"ಕುರಿ ಕೂಗ್ತತಿ, ನಾನು ಆಕಡೆ ಹೋಗೋದು, ಅದು ಈಕಡೆ ಇರೋದು. ಅಪ್ಪ ಬೈದೂ ಬೈದೂ, ನೀನು ಕುರೀಗಾಗಲ್ಲ ಮಗನೇ, ಕಬ್ಬಿಣಕ್ಕಾಗ್ತೀಯ ಅಂದು ಲಾರಿಗೆ ಕ್ಲೀನರ್ ಮಾಡಿ ಹಾಕಿದ."

ಎಲ್ಲರೂ ನಕ್ಕರು. ಹೂವಮ್ಮನೂ ನಕ್ಕಳು. ಕುರಿ ಕೂಗಿದ ಕಡೆ ತಿಳಿಯದ ಕುರುಬರ ಹುಡುಗನನ್ನು ಅವಳು ಕಂಡೇ ಇರಲಿಲ್ಲ.

ಅಂದಿನಿಂದ ಸೋಮವಾರವೆಂದರೆ ಶಿವಶಂಕರನ ಕಾರು ಎಂದಾಯಿತು. ಕಾರು ಅವನದಲ್ಲ. ಶಿಕಾರಿಪುರದಲ್ಲಿ ಭತ್ತದ ವ್ಯಾಪಾರ ಮಾಡುವ ಪಂಚಾಕ್ಷರಪ್ಪನದು. ಆದರೆ ಅದರ ಮೈ ಒರೆಸುವುದು, ಅದಕ್ಕೆ ದೃಷ್ಟಿ ತೆಗೆಯುವುದು, ಅದರೊಂದಿಗೆ ಮಾತಾಡುವುದು ಎಲ್ಲ ಇವನೇ. ಜನ ಅವನ ಕಾರಿಗೆ ಕಾದು ಹತ್ತುತ್ತಿದ್ದರು. ಬಾಣಂತಿಯರನ್ನು ತವರಿಗೆ ಕರೆದುಕೊಂಡು ಹೋಗುವಾಗ ಗುಂಡಿ ನೋಡಿ ಇಳಿಸುತ್ತಿದ್ದ. ತಲೆಯನ್ನು ತುಸುವೇ ಬಲಕ್ಕೆ ಓರೆ ಮಾಡಿಕೊಂಡು, ದೇವರ ಪೂಜಾರಿ ಪ್ರಶ್ನೆ ಕೇಳಿಸಿಕೊಳ್ಳುವ ಹಾಗೆ ಕೂತು ಓಡಿಸುತ್ತಿದ್ದ. ಅದು ಅವನ ಗತ್ತು ಎಂದು ಎಲ್ಲರೂ ತಿಳಿದಿದ್ದರು.

ಆದರೂ ಆ ಮೊದಲ ದಿನದ್ದು ಹೂವಮ್ಮನ ಮನಸ್ಸಿನಿಂದ ಪೂರ್ತಿ ಹೋಗಲಿಲ್ಲ. ಕೆಲವು ಸಲ ಕಾರಿನಿಂದ ಇಳಿದು, ಕಿಟಕಿಯ ಬಳಿ ನಿಂತು "ಬರ್ತೀನಪ್ಪ" ಎಂದರೆ ಅವನು ಉತ್ತರಿಸದೆ ಹೊರಟುಬಿಡುತ್ತಿದ್ದ. ಮುಂದಿನ ವಾರ ಮತ್ತೆ ಅದೇ ಜೇನು. ಅವಳು ಕೇಳಲಿಲ್ಲ. ಒಳ್ಳೆಯವರಲ್ಲೂ ಒಂದು ಸೊಟ್ಟ ಇರುತ್ತದೆ ಎಂದುಕೊಂಡಳು.

ಭತ್ತದ ಕೊಯ್ಲಿನ ಹೊತ್ತಿಗೆ ಕಾರಿನಲ್ಲಿ ಸದ್ದು ಶುರುವಾಯಿತು.

ಮೊದಲು ಹಿಡಿದವಳು ರಾಧಮ್ಮ. "ಎಂತ ಸದ್ದು ಮಾರಾಯ ಇದು? ನಿನ್ನ ಕಾರಿನ ಹೊಟ್ಟೇಲಿ ಯಾರೋ ರಾಗಿ ಬೀಸ್ತಾ ಇದ್ದಾರೆ!"

ಎಲ್ಲರೂ ಸುಮ್ಮನಾದರು. ಹೌದು, ಸದ್ದಿತ್ತು. ಮೆಲ್ಲಗೆ ಹೋಗುವಾಗ ಗರಗರ, ಜೋರು ಹೋಗುವಾಗ ಗುಂಯ್ ಎಂದು ಒಂದೇ ಸಮ. ಕಾಳು ಮುಗಿದ ಮೇಲೂ ಕಲ್ಲು ತಿರುಗಿಸಿದರೆ ಕಲ್ಲಿಗೆ ಕಲ್ಲು ತಿಕ್ಕಿ ಬರುವಂಥದ್ದು.

"ಎಡಗಡೆ," ಎಂದ ಶಿವಶಂಕರ. ಒಂದು ಚಣವೂ ಯೋಚಿಸಲಿಲ್ಲ. "ಎಡಗಡೆ ಮುಂದಿನ ಗಾಲಿ."

ಹೂವಮ್ಮ ಕೂತದ್ದು ಎಡಗಡೆ ಮುಂದೆ. ಕಾಲಡಿಯಲ್ಲಿ ಅವಳಿಗೆ ಏನೂ ಅನಿಸಲಿಲ್ಲ. ಸದ್ದು ಎಡಕ್ಕಿದೆಯೋ ಬಲಕ್ಕಿದೆಯೋ, ಒಟ್ಟು ಕಾರೇ ನರಳುತ್ತಿದೆಯೋ ತಿಳಿಯಲಿಲ್ಲ. ಆದರೆ ಕಾರಿನ ಜೀವ ಬಲ್ಲವನು ಅವನು. ಅವನು ಎಡ ಎಂದರೆ ಎಡವೇ.

ಹಿಂದಿನವರು ತಲೆಗೊಂದು ಮಾತು ಹೇಳಿದರು. ಬ್ರೇಕಿನ ಸಂದಿಗೆ ಕಲ್ಲು ಸಿಕ್ಕಿದೆ ಎಂದ ಒಬ್ಬ. ಬ್ರೇಕೇ ಸವೆದಿದೆ ಎಂದ ಇನ್ನೊಬ್ಬ. ಶಿವಶಂಕರ ಅಲ್ಲೇ ನಿಲ್ಲಿಸಿ, ಗಾಲಿಯ ಹಿಂದೆ ಕೈಹಾಕಿ, ಒಂದು ಬೆಣಚುಕಲ್ಲನ್ನು ನಿಜಕ್ಕೂ ತೆಗೆದ. ಎಲ್ಲರೂ ಹೋ ಎಂದರು. ಕಾರು ಹೊರಟಿತು. ಗರಗರ ಹಾಗೇ ಇತ್ತು.

"ಕಲ್ಲು ಬಿಟ್ಟು ಬೀಸೋರನ್ನ ಇಳಿಸಬೇಕಿತ್ತು," ಎಂದಳು ರಾಧಮ್ಮ.

ಶಿಕಾರಿಪುರದ ಸೊರಬ ರಸ್ತೆಯಲ್ಲಿ ಚನ್ನೇಶನ ಶೆಡ್ಡು. ಕೆಲಸ ಬಲ್ಲ ಮನುಷ್ಯ, ಆದರೆ ಬಿಡುವಿಲ್ಲ. ಸದ್ದಿನ ವಿಷಯದಲ್ಲಿ ಅವನದೊಂದು ಪದ್ಧತಿ ಇತ್ತು: ಓಡಿಸುವವನು ಯಾವ ಕಡೆ ಎನ್ನುತ್ತಾನೋ ಆ ಕಡೆಯನ್ನೇ ಮೊದಲು ಬಿಚ್ಚುವುದು. ಖಾಲಿ ಗಾಡಿಯನ್ನು ಬಜಾರಿನಲ್ಲಿ ಒಂದು ಸುತ್ತು ಹೊಡೆದರೆ ಇಂಥ ಸದ್ದು ಬರುವುದೇ ಇಲ್ಲ. ಜನ ತುಂಬಿ, ಉದ್ದ ರಸ್ತೆಗೆ ಬಿಟ್ಟಾಗಲೇ ಬರುವುದು. ಹೆಂಡತಿಯ ಹೊಟ್ಟೆನೋವನ್ನು ಗಂಡ ಹೇಳಬೇಕೇ ಹೊರತು ಡಾಕ್ಟರು ಮನೆಗೆ ಬಂದು ಮಲಗುವುದಕ್ಕಾಗುತ್ತದೆಯೇ ಎಂದು ಅವನು ಹೇಳುತ್ತಿದ್ದ.

ಎಡಗಾಲಿಯ ಬೇರಿಂಗ್ ಬದಲಾಯಿತು. ಮುಂದಿನ ಸೋಮವಾರ ಹೂವಮ್ಮ ಹತ್ತಿದಾಗ ಶಿವಶಂಕರ ಹಲ್ಲು ಬಿಟ್ಟುಕೊಂಡಿದ್ದ. ಶಿರಾಳಕೊಪ್ಪ ದಾಟಿ ರಸ್ತೆ ಬಿಚ್ಚಿಕೊಂಡಿತು. ಗರಗರ, ಆಮೇಲೆ ಗುಂಯ್. ಹಲ್ಲು ಒಳಗೆ ಹೋದವು.

"ಅದೇ ಕಡೆ," ಎಂದ. "ಎಡಗಡೇನೇ."

ಚನ್ನೇಶ ಈ ಸಲ ಬೇರೆ ಉಪಾಯ ಹೇಳಿದ. ಸ್ಟೇರಿಂಗ್ ಹಿಡಿದವನಿಗೆ ಸದ್ದು ಸರಿಯಾಗಿ ತಿಳಿಯುವುದಿಲ್ಲ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಹೋಗು, ತಿರುವಿನಲ್ಲಿ ಹೆಚ್ಚಾಗುತ್ತದೋ ಇಳಿಯುತ್ತದೋ ಕೇಳಿಸಿಕೊಂಡು ಹೇಳಲಿ ಎಂದ. ಶಿವಶಂಕರ ಆರಿಸಿದ್ದು ಹೂವಮ್ಮನನ್ನು.

"ನಂಗೇನು ತಿಳೀತತೋ ಗಾಲಿ ಗೀಲಿ? ರಾಧಮ್ಮನ್ನ ಕೇಳು."

"ರಾಧಮ್ಮ ಕೇಳಿದ್ದಕ್ಕೆ ನಾಕು ಸೇರಿಸಿ ಹೇಳ್ತಾಳ್ರಿ. ನೀವು ಇದ್ದದ್ದು ಇದ್ದಂಗೆ ಹೇಳೋರು."

ಸೊರಬದ ರಸ್ತೆಯಲ್ಲಿ ಒಂದು ಕೆರೆ ಏರಿ ಇದೆ. ಹೋಗುವಾಗ ರಸ್ತೆ ಮೊದಲು ಎಡಕ್ಕೆ ಬಳಸಿ, ಆಮೇಲೆ ಬಲಕ್ಕೆ ಬಳಸುತ್ತದೆ. ಹೂವಮ್ಮ ಕಣ್ಣು ಮುಚ್ಚಿದಳು. ಕಾರು ಎಡಕ್ಕೆ ತಿರುಗುವಾಗ ಗುಂಯ್ ಏರಿತು; ಕಣಜದ ಗೂಡಿಗೆ ಕಡ್ಡಿ ಆಡಿಸಿದ ಹಾಗೆ. ಬಲಕ್ಕೆ ತಿರುಗುವಾಗ ಸದ್ದು ಕರಗಿ ಇಲ್ಲವೇ ಇಲ್ಲ ಎಂಬಂತಾಯಿತು. ಮೋಸವಾಗಬಾರದೆಂದು ಅವನನ್ನು ತಿರುಗಿ ಬರಲು ಹೇಳಿ, ಏರಿಯ ಮೇಲೆ ಮತ್ತೊಮ್ಮೆ ಹಾಯಿಸಿದಳು. ಅದೇ.

"ಎಡಕ್ಕೆ ತಿರುಗಿದ್ರೆ ಜೋರು, ಬಲಕ್ಕೆ ತಿರುಗಿದ್ರೆ ಇಲ್ಲ," ಎಂದಳು.

"ನಾನು ಹೇಳಲಿಲ್ವೇನು!" ಎಂದು ಶಿವಶಂಕರ ಸ್ಟೇರಿಂಗಿಗೆ ಬಡಿದ. ಗಾಡಿ ನಿಲ್ಲಿಸಿ, ಸ್ಪೀಕರ್ ಹಾಕಿ ಚನ್ನೇಶನಿಗೆ ಫೋನು ಮಾಡಿದ. ಹೂವಮ್ಮನೂ ತನಗೆ ಕೇಳಿಸಿದ್ದನ್ನು ಹೇಳಿದಳು. ಎಡ ಎಂಬ ಮಾತು ಅವನ ಬಾಯಲ್ಲೂ ಬಂತು, ಅವಳ ಬಾಯಲ್ಲೂ ಬಂತು. ಚನ್ನೇಶ, "ಬೇರಿಂಗ್ ಹೊಸದು ಹಾಕೀನಿ. ಹಂಗಾರೆ ಎಡಗಡೆ ಆಕ್ಸಲ್ಲೇ ಇರಬೇಕು. ತಿರುಗಿಸ್ದಾಗ ಕಟಕಟ ಅಂತತಾ?" ಎಂದ. ಕಟಕಟ ಇಲ್ಲ ಎಂದಳು ಹೂವಮ್ಮ. "ಶುರುವಿಗೆ ಅನ್ನಲ್ಲ ಬಿಡ್ರಿ," ಎಂದ ಅವನು.

ಇಂಜಿನ್ನಿನಿಂದ ಗಾಲಿಗೆ ಹೋಗುವ ಎಡಗಡೆಯ ಆ ಕಬ್ಬಿಣದ ತೋಳೂ ಬದಲಾಯಿತು. ಅದರ ಮರುದಿನ ಪಂಚಾಕ್ಷರಪ್ಪ ತಾನೇ ಬಂದು ಮುಂದೆ ಕೂತು ಶಿರಾಳಕೊಪ್ಪದವರೆಗೆ ಹೋಗಿಬಂದನಂತೆ. ದಾರಿಯುದ್ದಕ್ಕೂ ಗುಂಯ್. ಇಳಿಯುವಾಗ ಹೇಳಿದನಂತೆ: "ನೀನು ಗುಂಡಿಗೆ ಇಳಿಸಿ ಇಳಿಸಿ ಗಾಡಿ ಕೆಡಿಸೀಯೋ, ಇಲ್ಲಾ ಚನ್ನೇಶನ ಜೊತೆ ಸೇರಿ ನನ್ನ ಆಡಿಸ್ತೀಯೋ ಗೊತ್ತಿಲ್ಲ. ಈ ವಾರದಾಗೆ ಸದ್ದು ನಿಲ್ಬೇಕು. ಇಲ್ಲಾಂದ್ರೆ ಕೀ ಇಟ್ಟು ಹೋಗು."

ಇದನ್ನು ಶಿವಶಂಕರ ಮುಂದಿನ ಸೋಮವಾರ ಹೂವಮ್ಮನಿಗೆ ಹೇಳಿದ. ಕಾರಿನಲ್ಲಿ ಜನವೇ ಇರಲಿಲ್ಲ. ಗಾಲಿ ಕಳಚಿ ಬೀಳುತ್ತದೆಂದು ಸುದ್ದಿ ಹಬ್ಬಿತ್ತು. ರಾಧಮ್ಮ ಕೂಡ ಬಸ್ಸು ಹತ್ತಿ, ಕಿಟಕಿಯಿಂದ ಬಳೆ ಕೈ ಆಡಿಸಿ ಹೋಗಿದ್ದಳು.

"ಕೀ ಇಟ್ರೆ ಏನು ಮಾಡ್ತೀಯ?"

"ಈ ಸೀಟು ಬಿಟ್ರೆ ನಂಗೆ ಬೇರೆ ಜಾಗ ಇಲ್ರಿ ಅಮ್ಮಾ," ಎಂದ. ಬೇರೆ ಕೆಲಸ ಇಲ್ಲ ಎನ್ನಲಿಲ್ಲ, ಬೇರೆ ಜಾಗ ಇಲ್ಲ ಎಂದ. ಹೂವಮ್ಮನಿಗೆ ಅದೂ ಅರ್ಥವಾಗಲಿಲ್ಲ.

ಅವತ್ತು ಹುಲಿಗೆಮ್ಮನಿಗೆ ನೀರು ಹಾಕಿ, ಬಿಸಿಲು ಇಳಿಯುವ ಮೊದಲೇ ಸೊರಬದ ಸ್ಟ್ಯಾಂಡಿಗೆ ಬಂದಳು. ಶಿವಶಂಕರ ಚಹದಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಲೋಟ ಹಿಡಿದು ಕೂತಿದ್ದ. ಅವಳು ಅವನ ಬಲಗಡೆಯ ಹಿಂದಿನಿಂದ ಬಂದು, "ಶಿವಶಂಕರಾ" ಎಂದಳು. ಸುಮ್ಮನಿದ್ದ. "ಏ ಶಿವಶಂಕರಾ!" ಎಂದು ಹಟ್ಟಿಯಲ್ಲಿ ಕೂಗುವ ಹಾಗೆ ಕೂಗಿದಳು.

ಅವನು ಬೆಚ್ಚಿ ಎಡಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಇನ್ನೂ ಎಡಕ್ಕೆ ತಿರುಗಿದ. ಹಿಂದೆ ನೋಡಿದ. ಲೋಟದ ಚಹ ಚೆಲ್ಲುತ್ತ, ಬೆಂಚಿನ ಮೇಲೆ ಮೈಯನ್ನು ಪೂರಾ ಸುತ್ತು ತಿರುಗಿಸಿಕೊಂಡು ಬಂದು ಕೊನೆಗೆ ಬಲಗಡೆ ನಿಂತಿದ್ದ ಅವಳನ್ನು ಕಂಡ.

ಹೂವಮ್ಮನ ಕೈಯ ಗಂಟು ಕೆಳಗಿಳಿಯಿತು. ಈ ತಿರುಗುವಿಕೆಯನ್ನು ಅವಳು ಬಲ್ಲಳು.

ಧರ್ಮಪ್ಪನ ಹಿಂಡಿನಲ್ಲಿ ಒಂದು ಟಗರಿತ್ತು. ಕುರಿಯವರು ತಮ್ಮ ತಮ್ಮ ಕುರಿಗಳ ಕಿವಿಗೆ ಕಚ್ಚು ಹಾಕಿ ಗುರುತು ಮಾಡುತ್ತಾರೆ. ಅವರದು ಬಲಗಿವಿಯ ತುದಿಗೆ ಎರಡು ಕಚ್ಚು. ಆ ಟಗರಿಗೆ ಕಚ್ಚು ಬುಡದ ಹತ್ತಿರ ಬಿದ್ದು, ಕೀವಾಗಿ, ಕಿವಿಯೇ ಹೋಯಿತು. ಆಮೇಲೆ ಎಲ್ಲಿಂದ ಕರೆದರೂ ಅದು ಎಡಕ್ಕೇ ತಿರುಗುತ್ತಿತ್ತು. ಬಲಗಡೆ ನಿಂತು ಕರೆದರೆ ಗಾಣದ ಎತ್ತಿನಂತೆ ಸುತ್ತು ಹೊಡೆದು ಬರುತ್ತಿತ್ತು. ಹುಡುಗರು ನಗುತ್ತ ಬೇಕೆಂದೇ ಕರೆಯುತ್ತಿದ್ದರು. ಧರ್ಮಪ್ಪ ಮಾತ್ರ ಮೊದಲು ಅದರ ಎಡಕ್ಕೆ ನಡೆದು ಹೋಗಿ, ಆಮೇಲೆ ಕರೆಯುತ್ತಿದ್ದ.

ಅವಳಿಗೆ ಒಂದೊಂದೇ ನೆನಪಾಯಿತು. ಮೊದಲ ದಿನದ ಕಿಟಕಿ. ಉತ್ತರವಿಲ್ಲದ "ಬರ್ತೀನಪ್ಪ"ಗಳು. ಕಳೆದ ಕುರಿಗಳು. ಓರೆ ತಲೆ. ಆದರೆ ತಿಳಿದದ್ದರಿಂದ ಗೊಂದಲ ಕಡಿಮೆಯಾಗಲಿಲ್ಲ. ಬಾಯಿ ಬಿಡಬೇಕೋ ಬಿಡಬಾರದೋ? ತನ್ನ ಊಹೆ ಸುಳ್ಳಾದರೆ ಗಂಡಸಿನ ಮೇಲೆ ಊನ ಹೊರಿಸಿದಂತೆ. ನಿಜವಾದರೆ ಈ ಅರ್ಧ ಕಿವಿಯ ಮೇಲೆ ಬಾಣಂತಿಯರು ಕೂತು ಹೋಗಿದ್ದಾರೆ.

ಕಾರಿನಲ್ಲಿ ಅವರಿಬ್ಬರೇ. ಈ ಸಲ ಅವಳು ಮುಂದೆ ಕೂರದೆ, ಹಿಂದೆ, ಅವನ ಬೆನ್ನಿಗೆ ಸರಿಯಾಗಿ, ಬಲ ಕಿಟಕಿಗೆ ಒತ್ತಿ ಕೂತಳು. ಎಲ್ಲ ಗಾಜು ಇಳಿಸಿದ್ದರಿಂದ ಗಾಳಿ ಬೀಸುತ್ತಿತ್ತು. ಸೀಟಿಗೂ ಕಿಟಕಿಗೂ ನಡುವಿನ ಸಂದಿಯಿಂದ ಅವನ ಬಲಗಿವಿಗೆ ಬಾಗಿ, "ಬೆಲ್ಲ ತಿಂತೀಯಾ?" ಎಂದಳು. ಉತ್ತರವಿಲ್ಲ. ಎಡಕ್ಕೆ ಸರಿದು ಅದೇ ದನಿಯಲ್ಲಿ, "ಬೆಲ್ಲ ತಿಂತೀಯಾ?" ಎಂದಳು.

"ಈಗ್ಯಾಕ್ರಿ ಅಮ್ಮಾ ಬೆಲ್ಲ?"

"ನಿನ್ನ ಬಲಗಿವಿ ಯಾವಾಗಿಂದ ಕೇಳ್ಸಲ್ಲ?"

ಕಾರು ತಾನಾಗಿಯೇ ನಿಧಾನವಾಯಿತು. ಅವನು ಅದನ್ನು ರಸ್ತೆಯ ಬದಿಗೆ, ಹುಣಸೆಮರದ ಕೆಳಗೆ ನಿಲ್ಲಿಸಿದ. ಇಂಜಿನ್ನು ಆರಿಸಿದ. ಸ್ಟೇರಿಂಗಿಗೆ ಸುತ್ತಿದ್ದ ದಾರ ಬಿಚ್ಚಿ ಮತ್ತೆ ಸುತ್ತಿದ.

"ಮಂಗನಬಾವು ಬಂದಿತ್ತು, ಸಣ್ಣವನಿದ್ದಾಗ. ಬಾವು ಹೋತು, ಕಿವಿ ತಗಂಡು ಹೋತು." ನಗಲು ನೋಡಿದ, ಆಗಲಿಲ್ಲ. "ಯಾರಿಗೂ ಹೇಳಿಲ್ರಿ. ಅಪ್ಪನಿಗೂ. ಕುರಿ ಕಾಯೋದ್ರಾಗೆ ಎಲ್ಲಾ ಕಡೆಯಿಂದ ಕೂಗ್ತಾವ. ಬಜಾರಿನಾಗೂ ಹಂಗೇ. ಮದುವೆ ಮನೇಲಿ ಊಟಕ್ಕೆ ಕುಂತ್ರೂ ಬಲಗಡೆಯೋನು ಏನು ಕೇಳಿದ ಅಂತ ತಿಳಿಯಲ್ಲ. ಆದ್ರೆ ಈ ಸೀಟಿನಾಗೆ ಕುಂತ್ರೆ ಬಲಗಡೆ ಯಾರೂ ಇಲ್ಲ ನೋಡ್ರಿ. ಬರೇ ಬಾಗಿಲು. ಮಾತಾಡೋರೆಲ್ಲಾ ಎಡಕ್ಕೇ. ಇಲ್ಲಿ ಕುಂತ್ರೆ ನಾನು ಎಲ್ಲರಂಗೆ."

ಹೂವಮ್ಮನಿಗೆ ಈಗ ಆ ಜಾಗದ ಮಾತು ಅರ್ಥವಾಯಿತು.

"ಹಾರ್ನು?"

"ಕನ್ನಡಿ ನೋಡ್ತೀನಿ. ಕಿವಿ ಇದ್ದೋರು ನೋಡೋದಕ್ಕಿಂತ ಹೆಚ್ಚು ನೋಡ್ತೀನಿ."

ಅವಳು ಬೆಲ್ಲದ ಚೂರನ್ನು ಅವನ ಕೈಗಿಟ್ಟಳು. ಆಮೇಲೆ ಸದ್ದಿನ ಮಾತಿಗೇ ಬಂದಳು.

"ಹಂಗಾರೆ ನಿಂಗೆ ಬಲಗಡೆ ಸದ್ದಾದ್ರೂ ಎಡಕ್ಕೇ ಕೇಳಬೇಕಲ್ಲ."

ಬೆಲ್ಲ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಶಿವಶಂಕರ ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು.

"ಆದ್ರೆ ನೀವೂ ಎಡ ಅಂದ್ರಲ್ರಿ!"

"ನಾನು ಎಡಗಡೆ ಅನ್ನಲಿಲ್ಲಪ್ಪ. ಎಡಕ್ಕೆ ತಿರುಗಿದ್ರೆ ಜೋರು ಅಂದೆ. ಅದು ಎಡಗಡೇದು ಅಂತ ನಂಗೆ ಗೊತ್ತಿಲ್ಲ. ನಂಗೇನೂ ಗೊತ್ತಿಲ್ಲ."

ಅವಳು ಶಿರಾಳಕೊಪ್ಪದಲ್ಲಿ ಇಳಿಯಲಿಲ್ಲ. ನೇರ ಶಿಕಾರಿಪುರಕ್ಕೆ, ಚನ್ನೇಶನ ಶೆಡ್ಡಿಗೆ ಹೋದರು. ದಾರಿಯಲ್ಲಿ ಒಂದು ಒಪ್ಪಂದವಾಯಿತು: ಕಿವಿಯ ಮಾತು ಬೇಡ, ಸುಮ್ಮನೆ ಬಲಗಡೆ ಬಿಚ್ಚು ಎಂದರಾಯಿತು. ಆದರೆ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಪಂಚಾಕ್ಷರಪ್ಪನೇ ಕೂತಿದ್ದ. ಬೇರೆ ಗಾಡಿಯ ಕೆಲಸಕ್ಕೆ ಬಂದವನು.

"ಬಲಗಡೇನಾ?" ಎಂದ ಚನ್ನೇಶ. "ಇಷ್ಟು ದಿನ ಎಡ ಎಡ ಅಂತಿದ್ದೋನು ಇವತ್ತು ಪಕ್ಷ ಬದಲಾಯಿಸಿಯೇನು?"

"ಎತ್ತಿ ನೋಡಣ್ಣ ಒಂದ್ಸಲ."

ಚನ್ನೇಶ ಗೊಣಗುತ್ತ ಜಾಕು ಕೊಟ್ಟ. ಬಲಗಾಲಿ ನೆಲ ಬಿಟ್ಟಿತು. ಹಿಡಿದು ಅಲ್ಲಾಡಿಸಿದ, ಅಲ್ಲಾಡಲಿಲ್ಲ. ತಿರುಗಿಸಿದ, ಸದ್ದಿಲ್ಲ. "ನೋಡು, ಏನೂ ಇಲ್ಲ," ಎಂದ. ಪಂಚಾಕ್ಷರಪ್ಪ ಕುರ್ಚಿಯಿಂದಲೇ, "ಇನ್ನು ಹಿಂದಿನ ಗಾಲಿಗೆ ಬರ್ತಾನೆ, ಆಮೇಲೆ ಸ್ಟೆಪ್ನಿಗೆ," ಎಂದ.

ಹೂವಮ್ಮನಿಗೆ ಕಕ್ಕಾಬಿಕ್ಕಿಯಾಯಿತು. ತನ್ನ ಟಗರಿನ ಲೆಕ್ಕವೇ ತಪ್ಪಿತೇ?

ಶಿವಶಂಕರ ನೆಲಕ್ಕೆ ಕೂತ. ಗಾಲಿಯ ಮೇಲುಗಡೆ ಸುರುಳಿ ಸುತ್ತಿದ ದಪ್ಪ ಸ್ಪ್ರಿಂಗ್ ಇತ್ತು. "ನೀನು ತಿರುಗಿಸಣ್ಣ," ಎಂದು ಚನ್ನೇಶನಿಗೆ ಹೇಳಿ, ತಾನು ಸ್ಪ್ರಿಂಗನ್ನು ಅಂಗೈಯಿಂದ ಹಿಡಿದ. ಗಾಲಿ ತಿರುಗಿತು. ಅವನು ಕಣ್ಣು ಮುಚ್ಚಿದ್ದ. ಹಾಗೆಯೇ ಹೂವಮ್ಮನ ಕೈ ಹಿಡಿದು ಸ್ಪ್ರಿಂಗಿನ ಮೇಲಿಟ್ಟ. ಅವಳ ಅಂಗೈಗೆ ಮರಳು ಹರಿದ ಹಾಗಾಯಿತು; ಸದ್ದಿಲ್ಲದ ಗರಗರ. ಚನ್ನೇಶ ತಾನೂ ಮುಟ್ಟಿದ. ಮುಖ ಬದಲಾಯಿತು. ಓಡಿಹೋಗಿ ಎಡಗಾಲಿ ಎತ್ತಿ ಮುಟ್ಟಿ ನೋಡಿದ. ಅದು ನುಣ್ಣಗೆ, ಏನೂ ಇರಲಿಲ್ಲ.

"ಅಯ್ಯೋ ನನ್ನ ತಲೆ!" ಎಂದು ಹಣೆ ಬಡಿದುಕೊಂಡ. "ಎಡಕ್ಕೆ ತಿರುಗಿದ್ರೆ ಭಾರ ಬಲಗಾಲಿ ಮೇಲೆ ಬೀಳ್ತತಿ! ಅಮ್ಮ ಅವತ್ತೇ ಸರಿಯಾಗಿ ಹೇಳಿದ್ರು. ಇದು ನಂಗೆ ಗೊತ್ತಿಲ್ದೇ ಇರೋದಾ? ಇವನು ಮೊದಲೇ ಎಡ ಅಂದು ನನ್ನ ಕಿವಿ ತುಂಬಿದ್ದ, ಎಡ ಅನ್ನೋದೊಂದೇ ಕೇಳ್ತು."

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎಡಕ್ಕೆ ತಿರುಗಿದರೆ ಬಲಗಾಲು ಕುಸಿಯುವುದನ್ನು ಹೂವಮ್ಮ ಜೀವನವಿಡೀ ಕಂಡವಳು. ಆದರೂ ಕಾರಿಗೂ ಹಾಗೆಯೇ ಎಂದು ಅವಳಿಗೆ ಹೊಳೆದಿರಲಿಲ್ಲ.

ಪಂಚಾಕ್ಷರಪ್ಪ ಈಗ ಎದ್ದು ಬಂದ. "ಅದೆಲ್ಲಾ ಇರಲಿ. ನೀನು ಯಾಕೋ ಎಡ ಅಂದೆ? ಸದ್ದು ನಿನ್ನ ಬಲಗಾಲಿನ ಮುಂದೇನೇ ಐತಿ. ನಾಯಿಗೂ ತಿಳೀತಿತ್ತು."

ಹೂವಮ್ಮ ಬಾಯಿ ತೆರೆದಳು. ಗಾಳಿ ಜೋರಿತ್ತು, ರಸ್ತೆ ಕೆಟ್ಟಿತ್ತು, ನಾನೇ ಮಾತಾಡಿಸುತ್ತಿದ್ದೆ... ಹೇಳಲು ಏನೇನೋ ಇತ್ತು. ಶಿವಶಂಕರ ಅವಳ ಕಡೆ ಕೈ ಅಡ್ಡ ಹಿಡಿದ.

"ನಂಗೆ ಬಲಗಿವಿ ಇಲ್ಲ ಸಾವ್ಕಾರ್ರೆ. ಎಲ್ಲಾ ಸದ್ದೂ ಎಡಕ್ಕೇ ಕೇಳ್ತತಿ."

ಪಂಚಾಕ್ಷರಪ್ಪ ಅವನ ಬಲಗಿವಿಯನ್ನು ನೋಡಿದ. ಕಿವಿ ಇತ್ತು, ಎಲ್ಲರ ಕಿವಿಯಂತೆಯೇ ಇತ್ತು. ಬೈಯಬೇಕೋ ಮರುಗಬೇಕೋ ಅವನಿಗೂ ತಿಳಿದಂತೆ ಕಾಣಲಿಲ್ಲ. "ಇಷ್ಟು ವರ್ಷ ನನ್ನ ಮನೆ ಹೆಣ್ಮಕ್ಕಳನ್ನೂ ಕೂರಿಸ್ಕಂಡು ಹೋಗೀಯಲ್ಲೋ," ಎಂದ.

"ಹೌದ್ರಿ. ಒಂದು ಗೀರು ಬಿದ್ದಿಲ್ಲ."

"ಅದೂ ಖರೆ," ಎಂದ ಪಂಚಾಕ್ಷರಪ್ಪ. ಆಮೇಲೆ ಚನ್ನೇಶನಿಗೆ, "ಬಲಗಡೆ ಬೇರಿಂಗ್ ಹಾಕು," ಎಂದ. ಆಮೇಲೆ ಶಿವಶಂಕರನಿಗೆ, "ಜನಕ್ಕೆ ನೀನೇ ಹೇಳು. ಗೊತ್ತಿದ್ದೂ ಹತ್ತಿದ್ರೆ ಓಡಿಸು. ಹತ್ತಲಿಲ್ಲ ಅಂದ್ರೆ ಕೀ ತಂದ್ಕೊಡು. ನಂಗೆ ಬೇರೆ ತೋಚಲ್ಲ," ಎಂದು ಹೊರಟ.

ಬೇರಿಂಗ್ ಬದಲಾಯಿತು. ಕಾರು ತಣ್ಣಗಾಯಿತು. ಆದರೆ ಜನ ಹತ್ತಲಿಲ್ಲ. ಸದ್ದಿದ್ದಾಗ ಗಾಲಿಯ ಭಯ, ಸದ್ದು ಹೋದ ಮೇಲೆ ಕಿವಿಯ ಭಯ. ಶಿವಶಂಕರ ಬಲಗಡೆಗೆ ಇನ್ನೊಂದು ಉಬ್ಬುಗನ್ನಡಿ ಹಾಕಿಸಿದ. ಬೇವಿನಮರದ ಕೆಳಗೆ ನಿಂತು, ಬಂದವರಿಗೆಲ್ಲ, "ನಂಗೆ ಒಂದು ಕಿವಿ ಕೇಳ್ಸಲ್ರಿ, ನೋಡಿ ಹತ್ರಿ," ಎಂದು ಹೇಳುತ್ತಿದ್ದ. ಜನ ನೋಡಿ, ಬಸ್ಸು ಹತ್ತುತ್ತಿದ್ದರು.

ಹೂವಮ್ಮನಿಗೂ ಸುಲಭವಾಗಿರಲಿಲ್ಲ. ಒಂದು ಸೋಮವಾರ ಅವಳು ಮರದಿಂದ ತುಸು ದೂರವೇ ನಿಂತಳು. ಮನಸ್ಸು ಒಮ್ಮೆ ಬಸ್ಸಿಗೆ, ಒಮ್ಮೆ ಕಾರಿಗೆ. ಗೊತ್ತಿಲ್ಲದಾಗ ಕಣ್ಣುಮುಚ್ಚಿ ನಿದ್ದೆ ಮಾಡಿಕೊಂಡು ಹೋಗಿದ್ದಳು, ಗೊತ್ತಾದ ಮೇಲೆ ಯಾಕೆ ಎದೆ ಡವಗುಟ್ಟಬೇಕು? ಅವನು ಬದಲಾಗಿಲ್ಲ, ಕಿವಿ ಬದಲಾಗಿಲ್ಲ. ಬದಲಾದದ್ದು ಏನು? ತೀರ್ಮಾನ ಸಿಗಲಿಲ್ಲ. ತೀರ್ಮಾನ ಸಿಗದೆಯೇ ಹೋಗಿ ಹತ್ತಿದಳು. ಎಡಗಡೆ ಮುಂದಲ್ಲ, ಹಿಂದೆ, ಅವನ ಬಲಗಿವಿಯ ಹಿಂದೆ.

"ಅಲ್ಯಾಕ್ರಿ ಅಮ್ಮಾ?"

ಅವಳು ಎಡಕ್ಕೆ ವಾಲಿ ಹೇಳಿದಳು: "ಈಕಡೇದು ನಾನು ಕೇಳ್ತೀನಿ. ನೀನು ಓಡ್ಸು."

ಸೊರಬದ ಸ್ಟ್ಯಾಂಡಿನಲ್ಲಿ ಅವಳು ಇಳಿಯುವುದನ್ನು ರಾಧಮ್ಮ ಕಂಡಳು. "ಏನು ಹೂವಮ್ಮ, ಕಂಡಕ್ಟರ್ ಕೆಲಸ ಸಿಕ್ತಾ?" ಎಂದು ಹಂಗಿಸಿದಳು. ಮರುವಾರ ಅವಳೂ ಬಂದು ಹತ್ತಿದಳು, ಚೀಲ ಮೊದಲಿಟ್ಟು, ಮುಖ ಊದಿಸಿಕೊಂಡು. "ಆ ಬಸ್ಸಲ್ಲಿ ಬಳೆ ಒಡೀತಾವೆ, ಅದಕ್ಕೆ," ಎಂದಳು. ರಾಧಮ್ಮ ಹತ್ತಿದ ಮೇಲೆ ಸುದ್ದಿಗೆ ಡಂಗುರ ಬೇಕಿರಲಿಲ್ಲ. ಒಬ್ಬೊಬ್ಬರೇ ಬಂದರು. ಎಲ್ಲರೂ ಬರಲಿಲ್ಲ. ಕೀ ಮಾತ್ರ ಅವನ ಕೈಯಲ್ಲೇ ಉಳಿಯಿತು.

ಬೇಸಿಗೆ ಶುರುವಾಗುವಾಗ ಹೂವಮ್ಮ ಹುಲಿಗೆಮ್ಮನನ್ನು ತೊಗರ್ಸಿಗೇ ಕರೆತಂದುಬಿಡುವುದೆಂದು ನಿಶ್ಚಯಿಸಿದಳು. ಇನ್ನು ಸೋಮವಾರದ ಓಡಾಟವಿಲ್ಲ. ಶಿವಶಂಕರನೇ ಬಂದು ಹುಲಿಗೆಮ್ಮನನ್ನು ಕಂಬಳಿಯಲ್ಲಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಒಂದು ಗುಂಡಿಗೂ ಇಳಿಸದೆ ಮನೆಯ ಜಗುಲಿಯವರೆಗೆ ತಂದ. ನೀರು ಕುಡಿದ, ಮಜ್ಜಿಗೆ ಕುಡಿದ.

ಹೊರಡುವಾಗ ಹೂವಮ್ಮ ಅಭ್ಯಾಸಬಲದಿಂದ ಅವನ ಕಿಟಕಿಯ ಕಡೆ ಹೆಜ್ಜೆ ಹಾಕಿದಳು. ಅರ್ಧಕ್ಕೆ ನಿಂತಳು. ಕಾರಿನ ಮೂತಿಯನ್ನು ಬಳಸಿ ಎಡಗಡೆಗೆ ಬಂದು, ಅಲ್ಲಿಯ ಕಿಟಕಿಗೆ ಬಾಗಿ, "ಹೋಗ್ಬಾ ಮಗಾ," ಎಂದಳು.

"ಹೂಂ ಅಮ್ಮಾ," ಎಂದ. ತಕ್ಷಣವೇ ಎಂದ.

ಅವರ ಓಣಿಯಿಂದ ದೊಡ್ಡ ರಸ್ತೆಗೆ ಕಾರನ್ನು ಹಿಂದೆ ಹಿಂದೆಯೇ ಒಯ್ಯಬೇಕು. ಬಲಕ್ಕೆ ಅಡ್ಡಗೋಡೆ, ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲ. ಹೂವಮ್ಮ ಮುಂದಾಗಿ ಹೋಗಿ ರಸ್ತೆಯ ಅಂಚಿಗೆ ನಿಂತಳು. ಶಿವಶಂಕರ ಕಾರನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿದ. ಹಿಂದೆಲ್ಲ ಇಂಥ ಕಡೆ ಅವನು ಯಾರನ್ನೂ ಏನೂ ಕೇಳುತ್ತಿರಲಿಲ್ಲ; ಇಳಿದು, ಬಂದು, ನೋಡಿ, ಮತ್ತೆ ಹತ್ತುತ್ತಿದ್ದ. ಈಗ ಕೂತಲ್ಲಿಂದಲೇ ಕುತ್ತಿಗೆ ಹೊರಳಿಸಿ, ಅವಳ ತುಟಿಯ ಮೇಲೆ ಕಣ್ಣಿಟ್ಟು ಕೇಳಿದ:

"ಅಮ್ಮಾ, ಬಲಗಡೆಯಿಂದ ಏನಾದ್ರೂ ಬರ್ತಾ ಐತೇನ್ರಿ?"